ಸಾಯಿರಾಳ ತೊಂಬತ್ತು ಸೆಕೆಂಡಿನ ಹಾದಿ

ವಿಜಯಪುರದ ಅಥಣಿ ರಸ್ತೆಯಲ್ಲಿ ಹೊಸ ಬಡಾವಣೆಗಳು ಶುರುವಾಗುವ ಕಡೆ ಒಂದು ಕಟ್ಟಡವಿದೆ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಹಳೆಯ ಕಂಪ್ಯೂಟರ್ ಮಾರುವ ಅಂಗಡಿ. ಮೇಲಿನದು ಸಾದಿಕನದು. ಅವನು ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳೊಡನೆ ಮಾತಾಡುತ್ತಾನೆ. ಹಿಂದಿನ ಕೋಣೆಯಲ್ಲಿ, ಕಿಟಕಿಗೆ ದಪ್ಪ ಪರದೆ ಎಳೆದುಕೊಂಡು, ಅವನ ಹೆಂಡತಿ ಸಾಯಿರಾ ದಿನವೂ ಒಂದು ಹುಲ್ಲುಗಾವಲು ದಾಟುತ್ತಾಳೆ.

ಹುಲ್ಲುಗಾವಲು ಇರುವುದು ಒಂದು ಆಟದೊಳಗೆ. ಕಂಪ್ಯೂಟರಿನಲ್ಲಿ ದೊಡ್ಡ ಆಟಗಳನ್ನು ಆಡಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಸ್ಕ್ರೀನಿನ ಮೇಲೆ ಕಾಣುವ ಪ್ರತಿ ಎಸಳನ್ನೂ, ಪ್ರತಿ ನೆರಳನ್ನೂ ಬರೆಯುವುದು ಅದೇ. ಹೊಸದು ಎಲ್ಲರ ಕೈಗೆ ಎಟಕುವುದಿಲ್ಲ, ಹಾಗಾಗಿ ಹಳೆಯ ಕಾರ್ಡುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿರುತ್ತವೆ. ನಗರದ ಹಾಸ್ಟೆಲುಗಳಿಂದ, ತಿಕೋಟಾದ ದ್ರಾಕ್ಷಿ ತೋಟದ ಮನೆಗಳಿಂದ, ಬಬಲೇಶ್ವರದ ಪೇಟೆಯಿಂದ ಜನ ಅವನ್ನು ಚೀಲದಲ್ಲಿ ಸುತ್ತಿಕೊಂಡು ಸಾಯಿರಾಳ ಹತ್ತಿರ ಬರುತ್ತಾರೆ. ಇದು ಇನ್ನೆಷ್ಟು ದಿನ ಬಾಳುತ್ತದೆ, ಆಟ ಸರಾಗವಾಗಿ ಓಡುತ್ತದೆಯೇ ಇಲ್ಲವೇ ಎಂದು ಅವಳು ಹೇಳಬೇಕು.

ಅವಳ ಪರೀಕ್ಷೆಯ ಯಂತ್ರಕ್ಕೆ ಡಬ್ಬಿಯೇ ಇಲ್ಲ. ಒಂದು ಪ್ಲೈವುಡ್ ಹಲಗೆಯ ಮೇಲೆ ಎಲ್ಲವೂ ಬಿಚ್ಚಿಟ್ಟ ಹಾಗೆ ಇರುತ್ತದೆ. ಬಂದ ಕಾರ್ಡನ್ನು ಅದಕ್ಕೆ ಕೂಡಿಸಿ, ಇಪ್ಪತ್ತು ನಿಮಿಷ ಸುಮ್ಮನೆ ಓಡಿಸಿ ಬಿಸಿ ಮಾಡಿ, ಆಮೇಲೆ ಅದೇ ಆಟದ ಅದೇ ಜಾಗವನ್ನು ತೆರೆಯುತ್ತಾಳೆ. ಮರದ ಸೇತುವೆಯ ತುದಿಯಲ್ಲಿ ಒಬ್ಬ ಸವಾರ ಕುದುರೆಯ ಮೇಲೆ ಕಾಯುತ್ತಿರುತ್ತಾನೆ. ಸಾಯಿರಾ ಗುಂಡಿ ಒತ್ತುತ್ತಾಳೆ. ಸೇತುವೆ ದಾಟಿದ ಮೇಲೆ ಗಾಳಿಗೆ ಮಲಗಿ ಏಳುವ ಹುಲ್ಲು, ಬಲಕ್ಕೆ ಒಂದು ಕುರಿ ಹಿಂಡು, ಆಮೇಲೆ ಏರು, ಏರಿನ ಮೇಲೆ ಒಂಟಿ ಮರ. ಮರದ ಬುಡದಲ್ಲಿ ಕುದುರೆ ನಿಲ್ಲಿಸಿದರೆ ಸರಿಯಾಗಿ ತೊಂಬತ್ತು ಸೆಕೆಂಡ್. ಸ್ಕ್ರೀನಿನ ಮೂಲೆಯಲ್ಲಿ ಅಂಕಿಗಳು ಓಡುತ್ತಿರುತ್ತವೆ: ಸೆಕೆಂಡಿಗೆ ಎಷ್ಟು ಚಿತ್ರ ಬಂದವು, ಕಾರ್ಡು ಎಷ್ಟು ಕಾದಿತು, ಫ್ಯಾನು ಎಷ್ಟು ತಿರುಗಿತು. ಹೀಗೆ ಮೂರು ಸಲ. ಏಳು ವರ್ಷದಿಂದ ಹೀಗೆ.

ಅವಳ ಅಪ್ಪ ಮಹಮ್ಮದ ಟೀವಿ ರಿಪೇರಿ ಮಾಡುತ್ತಿದ್ದ. ಹಳೆಯ ಡಬ್ಬಿ ಟೀವಿಗಳ ಕಾಲ. ಅಪ್ಪ ಟೀವಿಯ ಹಿಂದೆ ಕೂತು ತಿರುಪು ತಿರುಗಿಸುತ್ತಿದ್ದರೆ ಸಣ್ಣ ಸಾಯಿರಾ ಮುಂದೆ ಕೂತು, ಚಿತ್ರ ಬಂತು, ಹೋಯಿತು, ಮೇಲಕ್ಕೆ ಉರುಳುತ್ತಿದೆ, ಈಗ ನಿಂತಿತು ಎಂದು ಹೇಳುತ್ತಿದ್ದಳು. ಅಪ್ಪನಿಗೆ ಚಿತ್ರ ಕಾಣುತ್ತಿರಲಿಲ್ಲ, ಮಗಳ ಕಣ್ಣೇ ಅವನ ಕಣ್ಣು. ಚಿತ್ರ ನಿಂತ ಮೇಲೂ ಅವಳು ಎದ್ದು ಹೋಗುತ್ತಿರಲಿಲ್ಲ. ಯಾರದೋ ಮನೆಯ ಟೀವಿಯಲ್ಲಿ ಯಾವುದೋ ದೇಶದ ಮೀನುಗಳು ಈಜುತ್ತಿದ್ದವು, ಅವಳು ಬಾಯಿ ತೆರೆದು ನೋಡುತ್ತಲೇ ಇದ್ದಳು. ಈ ಹುಡುಗಿ ಅರ್ಧ ಇಲ್ಲಿರುತ್ತಾಳೆ, ಅರ್ಧ ಎಲ್ಲಿರುತ್ತಾಳೋ ಎಂದು ತಾಯಿ ಅಬೇದಾ ಹೇಳುತ್ತಿದ್ದಳು. ಸಾಯಿರಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದಳು, ಸಾದಿಕನನ್ನು ಮದುವೆಯಾದಳು, ಅಂಗಡಿಗೆ ಬಂದಳು. ಮೊದಲ ಕಾರ್ಡನ್ನು ಪರೀಕ್ಷಿಸಿದ ದಿನ ಆ ಹುಲ್ಲುಗಾವಲು ಕಂಡಿತು. ಮೋಡದ ನೆರಳು ಹುಲ್ಲಿನ ಮೇಲೆ ಹಾದುಹೋಯಿತು. ಆ ದಿನ ಅವಳು ಮನೆಗೆ ಹೋಗಿ ಒಲೆಯ ಮೇಲೆ ಹಾಲಿಟ್ಟು ಮರೆತಳು.

ಆದರೂ ಅವಳು ಆ ಆಟವನ್ನು ಒಂದು ದಿನವೂ ಆಡಿರಲಿಲ್ಲ. ಆಡುವುದು ಅವಳ ಕೆಲಸವಾಗಿರಲಿಲ್ಲ. ಸೇತುವೆಯಿಂದ ಮರದವರೆಗೆ ಹೋಗುವುದು, ನಿಲ್ಲುವುದು, ಮತ್ತೆ ಸೇತುವೆಗೆ ಬರುವುದು, ಅಷ್ಟೇ. ಸಾವಿರಾರು ಸಲ ಹೋದ ದಾರಿ ನಿದ್ದೆಗೂ ಬರುತ್ತಿತ್ತು. ನಿದ್ದೆಯಲ್ಲಿ ಮೂಲೆಯ ಅಂಕಿಗಳು ಇರುತ್ತಿರಲಿಲ್ಲ, ಕುದುರೆಯೂ ಇರುತ್ತಿರಲಿಲ್ಲ. ಅವಳೇ ಬರಿಗಾಲಲ್ಲಿ ನಡೆಯುತ್ತಿದ್ದಳು, ಹುಲ್ಲು ಮೊಣಕಾಲಿಗೆ ತಾಕುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ಬಬಲೇಶ್ವರದಾಚೆಯ ನಿಡೋಣಿ ಊರಿನ ಬೀರಣ್ಣ ಮೆಟ್ಟಿಲು ಹತ್ತಿ ಬಂದ. ಐವತ್ತರ ಆಸುಪಾಸಿನ ಎತ್ತರದ ಆಳು, ಬಲಗಾಲು ತುಸು ಎಳೆದು ನಡೆಯುತ್ತಿದ್ದ. ಚೀಲದೊಳಗೆ ಹೊಸ ಟವೆಲ್ಲಿನಲ್ಲಿ ಸುತ್ತಿದ ಕಾರ್ಡು ಇತ್ತು. ಮಗಳು ಗೀತಾಂಜಲಿ ಇಲ್ಲೇ ವಿಜಯಪುರದಲ್ಲಿ ಓದುತ್ತಾಳೆ, ಆಟಗಳಲ್ಲಿ ಬರುವ ಗುಡ್ಡ, ಊರು, ಗಿಡಮರ ಕಟ್ಟುವುದನ್ನು ಕಲಿಯುತ್ತಿದ್ದಾಳೆ, ಕಾಲೇಜಿನ ಹಿರಿಯ ಹುಡುಗಿಯೊಬ್ಬಳಿಂದ ಇದನ್ನು ತೆಗೆದುಕೊಂಡಿದ್ದಾಳೆ, ಮಗಳಿಗೆ ಪರೀಕ್ಷೆ ಇರುವುದರಿಂದ ತಾನು ಬಂದೆ ಎಂದು ಅವನು ಸಾದಿಕನಿಗೆ ವಿವರಿಸಿದ. ಬಿಟ್ಟು ಹೋಗಿ, ಸಂಜೆ ಬನ್ನಿ ಎಂದು ಸಾದಿಕ ಹೇಳಿದರೂ ಕೇಳಲಿಲ್ಲ. ಸಂಜೆಯ ತನಕ ಪೇಟೆಯಲ್ಲಿ ತನಗೇನೂ ಕೆಲಸವಿಲ್ಲ, ಮಾಡುವುದನ್ನು ನೋಡುತ್ತ ಕೂರುತ್ತೇನೆ ಎಂದ.

ಸಾಯಿರಾ ಅವನಿಗೆ ಹಿಂದಿನ ಕೋಣೆಯಲ್ಲಿ ಸ್ಟೂಲು ಹಾಕಿದಳು. ಚಳಿಗಾಲದಲ್ಲಿ ಆ ಕೋಣೆ ಯಂತ್ರದ ಬಿಸಿಗೆ ಹಿತವಾಗಿರುತ್ತದೆ, ಪರದೆಯ ಸಂದಿಯಿಂದ ಬಂದ ಒಂದೇ ಒಂದು ಬಿಸಿಲ ಕೋಲಿನಲ್ಲಿ ಧೂಳು ತೇಲುತ್ತಿರುತ್ತದೆ. ಇಪ್ಪತ್ತು ನಿಮಿಷದಲ್ಲಿ ಕಾರ್ಡು ಬಿಸಿಯಾಯಿತು. ಆಮೇಲೆ ಸವಾರ ಸೇತುವೆಯ ಮೇಲೆ ಬಂದ. ಗೋಡೆಗಳೆಲ್ಲ ಹಸಿರಾದವು.

ಮೊದಲ ಸುತ್ತು, ಎರಡನೆಯದು, ಮೂರನೆಯದು. ಅಂಕಿಗಳು ಚೆನ್ನಾಗಿ ಬಂದವು. ಸೆಕೆಂಡಿಗೆ ಸರಾಸರಿ ಎಂಬತ್ತೇಳು ಚಿತ್ರ, ಬಿಸಿಯೂ ಮಿತಿಯೊಳಗೇ. ಸಾಯಿರಾ ಬರೆದುಕೊಂಡು, ಕಾರ್ಡು ಒಳ್ಳೆಯದಿದೆ ಎಂದು ಹೇಳಲು ತಿರುಗಿದಳು. ಬೀರಣ್ಣ ಇನ್ನೂ ಸ್ಕ್ರೀನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಸರಿಬಾರದ ಭಾವವಿತ್ತು. ಇನ್ನೊಂದು ಸಲ ಹೋಗಬಹುದೇ ಎಂದು ಕೇಳಿದ. ಹೋದಳು. ಮತ್ತೊಂದು ಸಲ ಎಂದ. ಮತ್ತೂ ಹೋದಳು.

"ಅಕ್ಕಾರ, ಆ ಕುರಿ ನೋಡ್ರಿ," ಎಂದ ಅವನು. "ಹಿಂಡ ಹಿಂಗ ನಿಲ್ಲೂದಿಲ್ಲರಿ. ಒಂದ ನಿಂತ್ರ ಇನ್ನೊಂದ ನಡೀತಿರತೈತಿ. ಇಲ್ಲಿ ಎಲ್ಲಾ ಒಮ್ಮಿಕಲೆ ನಿಲ್ಲತಾವ, ಮತ್ತ ಒಮ್ಮಿಕಲೆ ಹೊಂಡತಾವ. ಕಣ್ ಮುಚ್ಚಿ ತಗ್ಯೂದ್ರಾಗ."

ಸಾಯಿರಾ ನಗಬೇಕೆಂದವಳು ನಗಲಿಲ್ಲ. ಆಟ ಮಾಡಿದವರು ಕುರಿಗಳನ್ನು ಹಾಗೆ ಮಾಡಿರಬಹುದು ಎಂದಳು. ಬೀರಣ್ಣ ತಲೆಯಾಡಿಸಿದ. ಮೊದಲ ಎರಡು ಸುತ್ತಿನಲ್ಲಿ ಹಾಗಾಗಲಿಲ್ಲ, ಮೂರನೆಯದರಿಂದ ಶುರುವಾಯಿತು ಎಂದ. ನೂರಾ ನಲವತ್ತು ಕುರಿ ಕಾದವನು ತಾನು, ಮೂವತ್ತು ವರ್ಷ ಹಿಂಡಿನ ಹಿಂದೆ ನಡೆದಿದ್ದೇನೆ ಎಂದೂ ಸೇರಿಸಿದ. ಜಂಬದಿಂದಲ್ಲ, ಕ್ಷಮೆ ಕೇಳುವವನ ಹಾಗೆ.

ಅವಳು ಅಂಕಿಗಳನ್ನು ಮುಚ್ಚಿದಳು. ಮೂಲೆಯಲ್ಲಿ ಏನೂ ಇಲ್ಲದೆ, ಬರೀ ಹುಲ್ಲುಗಾವಲನ್ನು ನೋಡಿದಳು. ಎಷ್ಟೋ ವರ್ಷವಾಗಿತ್ತು ಹಾಗೆ ನೋಡಿ. ಸೇತುವೆ, ಹುಲ್ಲು, ಕುರಿ. ಆಗ ಅವಳಿಗೂ ಕಂಡಿತು. ರೆಪ್ಪೆ ಬಡಿಯುವಷ್ಟು ಹೊತ್ತು ಲೋಕ ಉಸಿರು ಹಿಡಿಯಿತು. ಹುಲ್ಲು ಬಾಗಿದ್ದು ಬಾಗಿದ ಹಾಗೆಯೇ, ಕುರಿಗಳ ಕಾಲು ಎತ್ತಿದ್ದು ಎತ್ತಿದ ಹಾಗೆಯೇ. ಆಮೇಲೆ ಏನೂ ಆಗಿಲ್ಲವೆಂಬ ಹಾಗೆ ಎಲ್ಲವೂ ಮುಂದೆ ಹೋಯಿತು.

ಒಂದೊಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬಿಡಿಬಿಡಿಯಾಗಿ ತೋರಿಸುವ ಗೆರೆಯೊಂದಿರುತ್ತದೆ. ಅವಳು ಅದನ್ನು ತೆರೆದು ನೋಡಿದಾಗ ಸಪಾಟು ಹೊಲದಲ್ಲಿ ಬಂಡೆ ಎದ್ದ ಹಾಗೆ ನಡುನಡುವೆ ಚೂಪಾದ ಏರುಗಳಿದ್ದವು. ಸರಾಸರಿಯಲ್ಲಿ ಅವು ಮುಚ್ಚಿಹೋಗಿದ್ದವು. ಸಾಯಿರಾ ಕಾರ್ಡಿನ ತಿರುಪುಗಳನ್ನು ಬಿಚ್ಚಿದಳು. ಮೆಮೊರಿ ಚಿಪ್ಪುಗಳ ಮೇಲೆ ಬಿಸಿ ಹೀರುವ ಮೆತ್ತನೆಯ ಪ್ಯಾಡುಗಳಿರಬೇಕು. ಹಿಂದೆ ಯಾರೋ ಬಿಚ್ಚಿ ಕೂಡಿಸುವಾಗ ಒಂದು ಪ್ಯಾಡು ಸರಿದು ಪಕ್ಕಕ್ಕೆ ಬಿದ್ದಿತ್ತು. ಆ ಒಂದು ಚಿಪ್ಪು ಬರಿಮೈಯಲ್ಲಿ ಕಾಯುತ್ತಿತ್ತು. ಕಾದಾಗಲೆಲ್ಲ ಕಾರ್ಡು ಒಂದು ಕ್ಷಣ ತಡೆದು ನಿಲ್ಲುತ್ತಿತ್ತು. ಹೀಗೆಯೇ ಓಡಿಸಿದ್ದರೆ ಬೇಸಿಗೆಯ ಹೊತ್ತಿಗೆ ಅದು ಸತ್ತೇ ಹೋಗುತ್ತಿತ್ತು.

ಅವಳು ಬೀರಣ್ಣನಿಗೆ ಆ ಚಿಪ್ಪಿನ ಸಣ್ಣ ಕಪ್ಪು ಚೌಕವನ್ನು ತೋರಿಸಿದಳು. ಅವನು ಬಗ್ಗಿ ನೋಡಿದ, ಮುಟ್ಟಲಿಲ್ಲ. ಹೊಸ ಪ್ಯಾಡು ಹಾಕಿ ಒಂದು ದಿನವಿಡೀ ಓಡಿಸಿ ನೋಡಬೇಕು, ನಾಡಿದ್ದು ಬನ್ನಿ ಎಂದಳು. ಅವನು ಹೋದ ಮೇಲೆ ಅವಳು ತನ್ನ ಹಳೆಯ ನೋಟುಬುಕ್ಕುಗಳನ್ನು ತೆಗೆದು ಬಹಳ ಹೊತ್ತು ತಿರುವಿ ಹಾಕಿದಳು. ಒಳ್ಳೆಯದು ಎಂದು ಬರೆದುಕೊಟ್ಟ ಕಾರ್ಡುಗಳಲ್ಲಿ ಎಷ್ಟು ಹೀಗೆ ಉಸಿರು ಹಿಡಿಯುತ್ತಿದ್ದವೋ. ಮನಸ್ಸು ಮಂಕಾಯಿತು. ಸಾದಿಕ ಚಹಾ ತಂದಿಟ್ಟು, ಈಗ ಗೊತ್ತಾಯಿತಲ್ಲ, ಬಂದವರಿಗೆ ಮತ್ತೊಮ್ಮೆ ನೋಡಿಕೊಡೋಣ ಎಂದು ಸಮಾಧಾನ ಮಾಡಿದ. ಮರುದಿನವೇ ಅವಳು ತಿಕೋಟಾದ ಮೂವರಿಗೆ, ಬಬಲೇಶ್ವರದ ಒಬ್ಬರಿಗೆ ಫೋನು ಮಾಡಿ ಕಾರ್ಡು ತರಲು ಹೇಳಿದಳು.

ಮೂರನೆಯ ದಿನ ಬೀರಣ್ಣ ಬಂದಾಗ ಮಧ್ಯಾಹ್ನವಾಗಿತ್ತು. ಸಾಯಿರಾ ಸ್ಟೂಲು ಹಾಕಿ ಆಟ ತೆರೆದಳು. ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನೋಡಿದ. ಆರು ಸುತ್ತು. ಕುರಿಗಳು ತಮ್ಮ ಪಾಡಿಗೆ ಮೇಯುತ್ತಿದ್ದವು, ಒಂದು ತಲೆ ಎತ್ತಿದರೆ ಇನ್ನೊಂದು ಹೆಜ್ಜೆ ಇಡುತ್ತಿತ್ತು. ಈಗ ಸರಿ ಆಯಿತು ಎಂದ. ಅಷ್ಟು ಹೇಳಿದ ಮೇಲೂ ಏಳಲಿಲ್ಲ.

"ಆ ಮರದ ಆಚಿ ಏನೈತ್ರಿ?"

"ಗೊತ್ತಿಲ್ಲ ಕಾಕಾ," ಎಂದಳು ಸಾಯಿರಾ. "ನಾ ಆ ಕಡೆ ಹೋಗಿಲ್ಲ."

ಏಳು ವರ್ಷದಿಂದ ಇದೇ ದಾರಿಯಲ್ಲಿ ಹೋಗುತ್ತಿದ್ದೇನೆಂದು ಅವಳೇ ಮೊದಲ ದಿನ ಅವನಿಗೆ ಹೇಳಿದ್ದಳು. ಬೀರಣ್ಣ ಆಶ್ಚರ್ಯಪಡಲಿಲ್ಲ. ಅವನ ಕಣ್ಣಲ್ಲಿ ಒಂದು ಬಗೆಯ ಮರುಕ ಕಂಡಿತು, ಅದು ಅವಳಿಗೆ ಬೇಸರ ತರಿಸಲಿಲ್ಲ. ಅವಳು ಎರಡು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರನ್ನು ಅವನ ಕೈಗೆ ಕೊಟ್ಟಳು. ಎಡಗೈ ಹೆಬ್ಬೆರಳು ನಡೆಯಲು, ಬಲಗೈಯದು ನೋಡಲು ಎಂದು ತೋರಿಸಿದಳು.

ಕುದುರೆ ಮೊದಲು ಗಿರ್ರನೆ ಸುತ್ತಿತು, ಸೇತುವೆಗೆ ಢಿಕ್ಕಿ ಹೊಡೆಯಿತು, ನೀರಿಗಿಳಿದು ಮತ್ತೆ ದಡಕ್ಕೆ ಬಂತು. ಬೀರಣ್ಣನಿಗೆ ಅವಸರವಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಹದಕ್ಕೆ ಬಂತು. ಅವನು ಸವಾರನನ್ನು ಕುದುರೆಯಿಂದ ಇಳಿಸಬಹುದೇ ಎಂದು ಕೇಳಿದ. ಇಳಿಸುವ ಗುಂಡಿ ಯಾವುದೆಂದು ಸಾಯಿರಾಳಿಗೂ ಗೊತ್ತಿರಲಿಲ್ಲ, ಇಬ್ಬರೂ ಒಂದೊಂದೇ ಒತ್ತಿ ನೋಡಿ ಕಂಡುಕೊಂಡರು. ಸವಾರ ಇಳಿದ. ಬೀರಣ್ಣ ನಡೆಯತೊಡಗಿದ.

ಅವನು ದಾರಿ ಹಿಡಿದು ನಡೆಯಲಿಲ್ಲ. ಹುಲ್ಲು ಗಿಡ್ಡವಿರುವ ಕಡೆಯಿಂದ, ಕಲ್ಲು ತಪ್ಪಿಸಿ, ಗುಡ್ಡವನ್ನು ಅಡ್ಡಲಾಗಿ ಬಳಸಿ ಏರಿದ. ಹಿಂಡಿನೊಡನೆ ಏರುವವರು ಹಾಗೆಯೇ ಏರುತ್ತಾರೆ, ನೇರ ಏರಿದರೆ ಮರಿಗಳು ಹಿಂದೆ ಬೀಳುತ್ತವೆ ಎಂದು ಹೇಳಿದ. ಫ್ಯಾನು ಒಂದೇ ದನಿಯಲ್ಲಿ ಗುಂಯ್‌ಗುಡುತ್ತಿತ್ತು. ಮರ ಬಂತು. ತೊಂಬತ್ತು ಸೆಕೆಂಡು ಎಂದೋ ಮುಗಿದಿತ್ತು. ಮರ ದಾಟಿತು.

ಆಚೆ ಗುಡ್ಡ ಮೆತ್ತಗೆ ಇಳಿಯುತ್ತಿತ್ತು. ಕೆಳಗೆ ಒಂದು ನದಿ ಅಗಲವಾಗಿ, ಆಳವಿಲ್ಲದೆ, ಬೆಳ್ಳಗೆ ಮರಳಿನ ನಡುವೆ ಹರಡಿಕೊಂಡು ಮಲಗಿತ್ತು. ನದಿಯಾಚೆ ಹೊಗೆಯಂಥ ಮಂಜು, ಮಂಜಿನಾಚೆ ಇನ್ನೂ ಒಂದು ನಾಡು. ಹಕ್ಕಿಗಳ ಸಾಲೊಂದು ನಿಧಾನವಾಗಿ ಎಡದಿಂದ ಬಲಕ್ಕೆ ಹೋಯಿತು. ಸಾಯಿರಾಳ ಎದೆ ಹಗುರಾಯಿತು, ತುಸು ನೋವೂ ಆಯಿತು. ಇಷ್ಟು ದಿನ ಇದು ಇಲ್ಲಿಯೇ ಇತ್ತು, ಒಂದು ಗುಂಡಿ ಒತ್ತುವಷ್ಟು ದೂರದಲ್ಲಿ. ಅವಳು ಪ್ರತಿ ಸಲ ಮರದ ಬುಡದಿಂದಲೇ ತಿರುಗಿದ್ದಳು.

ಬೀರಣ್ಣ ಇಳಿದು ನದಿಯ ದಂಡೆಗೆ ಹೋದ. ಒಂದು ಜಾಗದಲ್ಲಿ ನಿಂತು ಸುತ್ತ ನೋಡಿದ, ಬಲಗೈ ಹೆಬ್ಬೆರಳು ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿತು.

"ಇಲ್ಲಿ ಕುರಿ ಹಟ್ಟಿ ಹಾಕಬೌದ್ರಿ," ಎಂದ. "ನೀರ ಹತ್ತರ ಐತಿ. ಗಾಳಿ ಗುಡ್ಡದ ಹಿಂದ ಉಳೀತು."

ಆಮೇಲೆ ಅವನು ಮಾತಾಡತೊಡಗಿದ, ಸ್ಕ್ರೀನಿನಿಂದ ಕಣ್ಣು ತೆಗೆಯದೆ. ಮೂರು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಹಿಂಡನ್ನು ತಮ್ಮ ಯಲ್ಲಾಲಿಂಗನಿಗೆ ಒಪ್ಪಿಸಿದ. ಈಗ ಹೊಲ ನೋಡಿಕೊಳ್ಳುತ್ತಾನೆ, ಏನೂ ಕೊರತೆಯಿಲ್ಲ. ಆದರೆ ಪ್ರತಿ ವರ್ಷ ದೀಪಾವಳಿ ಕಳೆದು ತಮ್ಮ ದೂರದ ಸೀಮೆಗೆ ಮೇಯಿಸಲು ಹಿಂಡು ಹೊಡೆದುಕೊಂಡು ಹೊರಟ ದಿನದಿಂದ ಅವನಿಗೆ ಮನೆಯೊಳಗೆ ನಿದ್ದೆ ಹತ್ತುವುದಿಲ್ಲ. ಹತ್ತಿದರೆ, ನಡೆಯುತ್ತಾನೆ. ನಿದ್ದೆಯಲ್ಲಿ ಕಾಲು ನೋಯುವುದಿಲ್ಲ. ಕೃಷ್ಣೆಯ ದಂಡೆ, ಡೋಣಿ ಹೊಳೆಯ ಕರಿ ಮಣ್ಣು, ಕಬ್ಬು ಕಡಿದ ಹೊಲಗಳು ಎಲ್ಲ ಬರುತ್ತವೆ. ಬೆಳಿಗ್ಗೆ ಎದ್ದರೆ ಅಂಗಳ.

ತನಗೂ ನಿದ್ದೆಯಲ್ಲಿ ಈ ಹುಲ್ಲು ಬರುತ್ತದೆ ಎಂದು ಸಾಯಿರಾ ಹೇಳಿದಳು. ಗಂಡನಿಗೂ ಹೇಳದ ಮಾತು ಅದು. ಬೀರಣ್ಣ ಅದನ್ನು ಬಹಳ ಸಹಜವಾಗಿ ತೆಗೆದುಕೊಂಡ. ಹುಲ್ಲು ಹಸಿ ಇರುತ್ತದೋ ಒಣಗಿರುತ್ತದೋ ಎಂದು ಕೇಳಿದ. ಅವಳು ಯೋಚಿಸಿ, ಇಬ್ಬನಿ ಇರುತ್ತದೆ ಎಂದಳು.

ಆಟದೊಳಗೆ ಹೊತ್ತು ಇಳಿಯಿತು. ಹೊರಗೆ ಅಥಣಿ ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲು, ಲಾರಿಗಳ ಹಾರ್ನು. ಒಳಗೆ ನದಿ ಮೊದಲು ಕಿತ್ತಳೆಯಾಗಿ, ಆಮೇಲೆ ಬೂದುಬಣ್ಣವಾಗಿ, ಕೊನೆಗೆ ನೀಲಿಯಾಯಿತು. ಗೋಡೆಯ ಬಣ್ಣವೂ ಹಾಗೆಯೇ ಬದಲಾಯಿತು. ಏನೋ ಕೇಳಲು ಬಂದ ಸಾದಿಕ ಬಾಗಿಲಲ್ಲೇ ನಿಂತ, ಕೇಳುವುದನ್ನು ಮರೆತು ಒಂದು ರಟ್ಟಿನ ಡಬ್ಬಿಯ ಮೇಲೆ ಕೂತ. ಮೂವರೂ ನದಿಯ ದಂಡೆಯಲ್ಲಿ ಚುಕ್ಕಿ ಮೂಡುವುದನ್ನು ನೋಡಿದರು. ಕಾರ್ಡು ಎರಡು ತಾಸು ಓಡಿತ್ತು, ಒಂದು ಸಲವೂ ತಡವರಿಸಿರಲಿಲ್ಲ.

ಜನವರಿಯಲ್ಲಿ, ಗೀತಾಂಜಲಿಯ ಪರೀಕ್ಷೆ ಮುಗಿದ ಮೇಲೆ, ಯಂತ್ರ ಕೂಡಿಸಿಕೊಡಲು ಸಾಯಿರಾ ನಿಡೋಣಿಗೆ ಹೋದಳು. ಸಾಮಾನ್ಯವಾಗಿ ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ, ಸಾದಿಕ ಹೋಗುತ್ತಿದ್ದ. ಈ ಸಲ ತಾನೇ ಹೋಗುತ್ತೇನೆ ಎಂದಳು. ಬಬಲೇಶ್ವರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಜೋಳ ತೆನೆ ಕಟ್ಟಿ ನಿಂತಿತ್ತು. ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಅವಳು ಅದನ್ನು ನೋಡಿದಳು.

ಗೀತಾಂಜಲಿ ಚುರುಕಿನ ಹುಡುಗಿ, ಕೇಳಿದ್ದನ್ನು ಮತ್ತೆ ಕೇಳುತ್ತಿರಲಿಲ್ಲ. ಇಬ್ಬರೂ ಸೇರಿ ಒಂದು ತಾಸಿನಲ್ಲಿ ಎಲ್ಲ ಕೂಡಿಸಿದರು. ಅವಳು ತಾನೇ ಕಟ್ಟುತ್ತಿದ್ದ ಒಂದು ಗುಡ್ಡವನ್ನು ತೆರೆದು ತೋರಿಸಿದಳು. ಹಳೆಯ ಯಂತ್ರದಲ್ಲಿ ಅದು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತಂತೆ, ಈಗ ನೀರಿನ ಹಾಗೆ ಸರಿಯಿತು. ಗುಡ್ಡದ ಮೇಲೆ ಇನ್ನೂ ಹುಲ್ಲಿರಲಿಲ್ಲ, ಬರೀ ಮಣ್ಣು ಮತ್ತು ಬೆಳಕು. ಎಲ್ಲಿ ಏನು ಬೆಳೆಯಬೇಕೆಂದು ಅಪ್ಪನನ್ನು ಕೇಳಿ ಹಾಕುತ್ತಿದ್ದೇನೆ, ಅಪ್ಪ ಒಂದು ಗಿಡಕ್ಕೂ ಬೇಗ ಒಪ್ಪುವುದಿಲ್ಲ ಎಂದು ಅವಳು ನಕ್ಕಳು.

ಬೀರಣ್ಣನ ತಾಯಿ ಹುಚ್ಚವ್ವ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಅವಳೂ ಹರೆಯದಲ್ಲಿ ಹಿಂಡಿನ ಹಿಂದೆ ನಡೆದವಳೇ. ಸ್ಕ್ರೀನಿನ ಕಡೆ ಕೈ ಮಾಡಿ ಮಗನನ್ನು ಕೇಳಿದಳು.

"ಇದ್ಯಾವ ಕಡೀ ಗುಡ್ಡೋ ಬೀರ್ಯಾ?"

"ಕೃಷ್ಣಾ ದಾಟಿ ಹ್ವಾದ ಮ್ಯಾಲ ಬರತೈತಿ ಬೇ," ಎಂದ ಬೀರಣ್ಣ.

ಹುಚ್ಚವ್ವ ಹೌದೆಂಬಂತೆ ತಲೆಯಾಡಿಸಿದಳು. ತಾನು ಅಲ್ಲಿಗೆ ಹೋಗಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುವವಳ ಹಾಗೆ ಬಹಳ ಹೊತ್ತು ನೋಡಿದಳು. ಗೀತಾಂಜಲಿ ತಿದ್ದಲು ಬಾಯಿ ತೆರೆದಳು, ಅಪ್ಪನ ಮುಖ ನೋಡಿ, ಗುಡ್ಡದ ಇನ್ನೊಂದು ಮಗ್ಗುಲನ್ನು ಅಜ್ಜಿಯ ಕಡೆ ತಿರುಗಿಸಿದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ಹೊಲಕ್ಕೆ ಬಂದರು. ಬೀರಣ್ಣ ಎಳೆಯ ಜೋಳದ ತೆನೆಗಳನ್ನು ಮುರಿದು ತಂದು ಕೆಂಡದಲ್ಲಿ ಸುಟ್ಟ. ಹುಚ್ಚವ್ವ ಸೀತನಿ ಎನ್ನುವ ಆ ಬಿಸಿ ತೆನೆಗಳನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಕಾಳನ್ನು ಸಾಯಿರಾಳ ಬೊಗಸೆಗೆ ಹಾಕಿದಳು. ಶೇಂಗಾ ಚಟ್ನಿ, ಬೆಲ್ಲ. ಹಾಲುಗಾಳು ಹಲ್ಲಿಗೆ ಸಿಕ್ಕು ಸಿಹಿಯಾಗಿ ಒಡೆಯುತ್ತಿತ್ತು. ಮುದುಕಿ ಅವಳನ್ನು ತವರೆಲ್ಲಿ, ಅಪ್ಪ ಏನು ಮಾಡುತ್ತಿದ್ದ ಎಂದೆಲ್ಲ ಕೇಳಿದಳು, ಕೇಳುತ್ತ ಕೇಳುತ್ತ ಮತ್ತೆ ಬೊಗಸೆ ತುಂಬಿಸಿದಳು. ಸಾಕು ಆಯಿ ಎಂದರೂ ಬಿಡಲಿಲ್ಲ. ಯಲ್ಲಾಲಿಂಗ ಈಗ ಯಾವ ಊರಿನ ಸೀಮೆಯಲ್ಲಿರಬಹುದು ಎಂದು ತಾಯಿ ಮಗ ಮಾತಾಡಿಕೊಂಡರು. ಗೀತಾಂಜಲಿ ಬದುವಿನ ಮೇಲೆ ಕೂತು ಜೋಳದ ಒಂದು ಗರಿಯನ್ನು ಬೆರಳಲ್ಲಿ ಹಿಡಿದು, ಅದು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ನೋಡುತ್ತಿದ್ದಳು.

ಸಂಜೆಯ ಬಸ್ಸಿನಲ್ಲಿ ಸಾಯಿರಾಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೈಗೆ ಸುಟ್ಟ ಜೋಳದ ವಾಸನೆ ಹತ್ತಿತ್ತು. ಬಬಲೇಶ್ವರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು, ಜನ ಹತ್ತಿದರು, ಇಳಿದರು, ಯಾರೋ ಒಬ್ಬಾಕೆ ಕಟ್ಟಿ ತಂದ ಹಸಿ ಕಡಲೆಗಿಡದ ಸೂಡನ್ನು ಅವಳ ಮಡಿಲಿಗಿಟ್ಟು, ಸ್ವಲ್ಪ ಹಿಡಿದಿರವ್ವಾ ಎಂದು ಮಗುವಿಗೆ ಜಾಗ ಮಾಡಿದಳು. ಸಾಯಿರಾ ಸೂಡನ್ನು ತಬ್ಬಿ ಹಿಡಿದಳು. ಹುಳಿ ಹುಳಿ ಹಸಿರು ವಾಸನೆ ಮೂಗಿಗೆ ಬಡಿಯಿತು. ಬಸ್ಸು ಹೊರಟು, ಹೊಲಗಳ ಮೇಲೆ ಬೆಳಕು ತಗ್ಗುತ್ತ ಬಂದ ಹಾಗೆ ಅವಳ ಕಣ್ಣು ತಾನಾಗಿ ಮುಚ್ಚಿತು. ವಿಜಯಪುರ ಬರುವವರೆಗೂ ಅವಳನ್ನು ಯಾರೂ ಎಬ್ಬಿಸಲಿಲ್ಲ.